ಹೊಸ್ತಿಲ ಮಟ್ಟ ಹೂವಲಿ

ಬೆಳಿಗ್ಗೆ ಎದ್ದು ಪಡಸಾಲೆಗೆ ಬಂದರೆ ಕಸಬರಿಗೆಯ ಮುಂದೆ ಹೂವಿನ ಗುಡ್ಡೆ ಬಿದ್ದಿತ್ತು. ಹಿಂದಿನ ದಿನವಷ್ಟೇ ಅಕ್ಕನ ಮೊಮ್ಮಗಳ ತೊಟ್ಟಿಲ ಕಾರ್ಯ ಮುಗಿದಿತ್ತು. ಸೇವಂತಿಗೆ, ಚೆಂಡುಹೂವು, ಯಾರದೋ ಹೆರಳಿನಿಂದ ಜಾರಿದ ಅಬ್ಬಲಿಗೆಯ ತುಂಡು ದಂಡೆ, ನಡುವೆ ಒಂದು ಬಲೂನಿನ ಚಿಂದಿ. ಹೂವು ಬಾಡುವಾಗ ಒಂದು ವಾಸನೆ ಬರುತ್ತದಲ್ಲ, ಅರ್ಧ ಗಂಧ, ಅರ್ಧ ಕೊಳೆಯುವ ಹಸಿ ಹುಲ್ಲು. ಕಾರ್ಯದ ಮನೆಯಲ್ಲಿ ಮರುದಿನವೂ ಉಳಿದುಕೊಂಡವರಿಗೆಲ್ಲ ಅದು ಗೊತ್ತು, ನಿಮಗೂ ಗೊತ್ತಿರುತ್ತದೆ. ಅಕ್ಕ ಗುಡ್ಡೆಯನ್ನು ಬಿದಿರಿನ ಬುಟ್ಟಿಗೆ ತುಂಬಿ ನನ್ನ ಕೈಗೆ ಕೊಟ್ಟಳು.

“ಹಿತ್ತಲದಾಗ ತೆಂಗಿನ ಗಿಡದ ಬುಡಕ್ಕ ಹಾಕಿ ಬಾ. ಮತ್ತ ಮಂದಿ ಓಡ್ಯಾಡೋ ಜಾಗದಾಗ ಚೆಲ್ಲಿಗಿಲ್ಲೀದಿ. ಹೂವು ತುಳೀಬಾರ್ದು.”

ಬುಟ್ಟಿ ಹಿಡಿದು ನಿಂತವನಿಗೆ ‘ಹೂವಲಿ’ ಎಂಬ ಶಬ್ದ ನೆನಪಾಯಿತು. ತುಳಿಯಲೆಂದೇ ಹಾಸುವ ಹೂವಿಗೆ ಕನ್ನಡದಲ್ಲಿ ಇರುವ ಹೆಸರು ಅದು.

ನೆನಪಾಯಿತು ಎಂದು ಬರೆದೆನಲ್ಲ, ಅದು ಅಷ್ಟು ಸರಿಯಲ್ಲ. ಪ್ರಬಂಧ ಬರೆಯುವವರಿಗೆ ಬೆಳಗಿನ ಹೊತ್ತು ಒಂದು ವಸ್ತು ಸಿಗುತ್ತದೆ, ವಸ್ತುವಿನಿಂದ ನೆನಪು ಎದ್ದು ಬರುತ್ತದೆ, ನೆನಪು ಕೈಕಟ್ಟಿ ನಿಂತು ತನ್ನ ಕಥೆಯನ್ನು ಮೊದಲಿಂದ ಕೊನೆಯವರೆಗೆ ಒಪ್ಪಿಸುತ್ತದೆ. ಈ ಶಿಸ್ತಿನ ಬಗ್ಗೆ ನನಗೆ ಮೊದಲಿಂದಲೂ ಗುಮಾನಿ. ನಿಜವೆಂದರೆ ಆ ಶಬ್ದ ಹಿಂದಿನ ದಿನದ ಮಧ್ಯಾಹ್ನದಿಂದಲೇ ಹಲ್ಲಿನ ಸಂದಿಗೆ ಸಿಕ್ಕ ಅಡಿಕೆ ಚೂರಿನಂತೆ ಕಾಡುತ್ತಿತ್ತು. ಬುಟ್ಟಿ ಬರೀ ನೆಪ. ಆದರೂ ಬುಟ್ಟಿಯಿಂದಲೇ ಶುರುಮಾಡೋಣ. ನಿಮಗೂ ಅನುಕೂಲ, ನನಗೂ.

ಹೂವಲಿ ಎಂದರೆ ನೆಲಕ್ಕೆ ಚೆಲ್ಲಿದ ಹೂವು. ಹಳೆಯ ರೂಪ ಪೂವಲಿ. ನಿಘಂಟು ತೆಗೆದರೆ ಹೂವಿನ ಕಾಣಿಕೆ, ಕೆದರಿದ ಹೂವು, ಹೂವಿನಿಂದ ಹಾಕಿದ ರಂಗವಲಿ ಎಂದೆಲ್ಲ ಸಿಗುತ್ತದೆ. ನಮ್ಮಲ್ಲಿ ಹೂವಿಗೆ ಅದು ಕೂತ ಜಾಗಕ್ಕೆ ತಕ್ಕ ಹೆಸರು. ಗಿಡದಲ್ಲಿದ್ದರೆ ಮೊಗ್ಗು, ದಾರಕ್ಕೆ ಏರಿದರೆ ದಂಡೆ, ದೇವರ ತಲೆಯಿಂದ ಬಿದ್ದರೆ ಪ್ರಸಾದ, ಮರುದಿನಕ್ಕೆ ನಿರ್ಮಾಲ್ಯ. ನೆಲದ ಮೇಲೆ ಬಿದ್ದ ಹೂವಿಗೆ ಈಗ ಉಳಿದಿರುವ ಹೆಸರು ಕಸ. ಹಿಂದೆ ಹಾಗಿರಲಿಲ್ಲ. ಹಳೆಯ ಕಾವ್ಯಗಳಲ್ಲಿ ಅರಸ ಗೆದ್ದು ಊರಿಗೆ ಬರುತ್ತಾನೆ. ಬೀದಿಗೆ ನೀರು ಚಿಮುಕಿಸುತ್ತಾರೆ, ತೋರಣ ಕಟ್ಟುತ್ತಾರೆ, ಹೂವಲಿ ಕೆದರುತ್ತಾರೆ. ಮದುವೆಯ ಚಪ್ಪರದ ನೆಲಕ್ಕೆ ಹೂವಲಿ, ದೇವರ ಮುಂದಿನ ನೆಲಕ್ಕೆ ಹೂವಲಿ. ದುಂಬಿಗಳು ದಿಕ್ಕು ತಪ್ಪಿ ನೆಲಕ್ಕೇ ಇಳಿದು ಮುತ್ತುತ್ತವೆ. ಬರುವವನ ಹೆಸರಿಗೆ ಕವಿ ಹತ್ತು ವಿಶೇಷಣ ಹಚ್ಚುತ್ತಾನೆ. ಕೆದರಿದವರು ಯಾರು ಎಂದು ಮಾತ್ರ ಹೇಳುವುದಿಲ್ಲ. ಮೆರವಣಿಗೆ ಹೋದ ಮೇಲೆ ಗುಡಿಸಿದವರು ಯಾರು ಎಂಬುದಂತೂ ಕಾವ್ಯದ ವಿಷಯವೇ ಅಲ್ಲ. ನಾನು ಓದಿದಷ್ಟರಲ್ಲಿ ಹೀಗೆ. ಎಲ್ಲವನ್ನೂ ಓದಿದ್ದೇನೆ ಎನ್ನಲಾರೆ.

ಆದರೆ ಈ ಶಬ್ದ ನನಗೆ ಸಿಕ್ಕಿದ್ದು ಕಾವ್ಯದಿಂದಲ್ಲ, ನೀಲತ್ತೆಯಿಂದ. ನೀಲವ್ವ, ನನ್ನ ಅಪ್ಪನ ತಂಗಿ. ನಾವು ಕರೆಯುವುದು ನೀಲತ್ತಿ. ಹುಟ್ಟಿದ್ದು ದುಂಡಸಿಯ ನಮ್ಮ ಮನೆಯಲ್ಲಿ, ಕೊಟ್ಟಿದ್ದು ಸವಣೂರಿಗೆ. ಗಂಡ, ಅಂದರೆ ನಮ್ಮ ಮಾಮ, ಎಲೆ ವ್ಯಾಪಾರಿ. ಸವಣೂರಿನ ವೀಳ್ಯದೆಲೆಯ ಪೆಂಡಿಗಳನ್ನು ಬುಟ್ಟಿಗೆ ತುಂಬಿ, ಮೇಲೆ ಒದ್ದೆ ಗೋಣಿತಾಟು ಹೊಚ್ಚಿ, ಶಿಗ್ಗಾವಿ, ಹಾನಗಲ್ಲ, ಹಿರೇಕೆರೂರು ಎಂದು ಸಂತೆಯಿಂದ ಸಂತೆಗೆ ತಿರುಗುವುದು ಅವರ ಕೆಲಸ. ಇಂಥ ದಿನ ಮನೆಗೆ ಬರುತ್ತಾರೆ ಎಂದು ಹೇಳುವ ಹಾಗಿರಲಿಲ್ಲ. ಎಲೆ ಖರ್ಚಾದರೆ ಬರುತ್ತಿದ್ದರು, ಉಳಿದರೆ ಮುಂದಿನ ಸಂತೆಗೆ ಹೋಗುತ್ತಿದ್ದರು. ಅತ್ತೆಯ ಸಂಸಾರ ಊರವರು ಎಷ್ಟು ಎಲೆ ತಿನ್ನುತ್ತಾರೆ ಎಂಬುದರ ಮೇಲೆ ನಿಂತಿತ್ತು.

ಇಲ್ಲಿ ಸ್ವಲ್ಪ ನಿಂತು ಒಡಪಿನ ವಿಷಯ ಹೇಳಬೇಕು. ನಮ್ಮ ಕಡೆಯ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ. ಹಳಬರಂತೂ ಇವತ್ತಿಗೂ ಇಲ್ಲ. ಆದರೆ ಮದುವೆ, ಸೀಮಂತ, ತೊಟ್ಟಿಲು ಬಂದವೆಂದರೆ ಅದೇ ಹೆಸರನ್ನು ಹೇಳಿಸದೆ ಬಿಡುವುದಿಲ್ಲ. ಬಾಗಿಲಿಗೆ ಅಡ್ಡ ನಿಲ್ಲುತ್ತಾರೆ, ಕುಂಕುಮದ ಬಟ್ಟಲು ಹಿಂದಕ್ಕೆ ಎಳೆದುಕೊಳ್ಳುತ್ತಾರೆ. “ಹೆಸರು ಹೇಳ್ರಿ, ಆಮ್ಯಾಲ ಒಳಗ ಬರ್ರಿ.” ಆಗ ಪ್ರಾಸ ಹೊಂದಿಸಿದ ಎರಡು ಸಾಲಿನಲ್ಲಿ ಹೆಸರನ್ನು ಅಡಗಿಸಿ ಹೇಳಬೇಕು. ಅದೇ ಒಡಪು. ಬರೀ ಹೆಸರು ಹೇಳಿದರೆ ಅಪಚಾರ, ಪ್ರಾಸದಲ್ಲಿ ಹೇಳಿದರೆ ಸಂಭ್ರಮ. ಕಾವ್ಯದಿಂದ ಏನು ಉಪಯೋಗ ಎಂದು ಸಭೆಗಳಲ್ಲಿ ಕೇಳುವವರನ್ನು ಒಂದು ಸಲ ನಮ್ಮ ಕಡೆಯ ಹೊಸ್ತಿಲ ಮುಂದೆ ನಿಲ್ಲಿಸಬೇಕು ಅನಿಸುತ್ತದೆ.

ನೀಲತ್ತೆಯದು ಒಂದೇ ಒಡಪು. ಉಳಿದವರು ಕಾರ್ಯಕ್ಕೊಂದು ಹೊಸದು ಕಟ್ಟುತ್ತಿದ್ದರು, ಅತ್ತೆ ತನ್ನದನ್ನು ಬದಲಿಸಲಿಲ್ಲ.

“ಅಂಗಳದಾಗ ಹೂವಲಿ ಹೊಸ್ತಿಲ ಮಟ್ಟ,
ಚನ್ನಬಸಪ್ಪಾರು ಬರ್ತಾರ, ಸರೀರಿ ದಾರಿ ಬಿಟ್ಟ.”

ಎರಡನೆಯ ಸಾಲಿಗೆ ಕೈಯಿಂದ ಜನರನ್ನು ಸರಿಸುವಂತೆ ಮಾಡುತ್ತಿದ್ದಳು. ಸುತ್ತ ಕೂತವರು ನಿಜವಾಗಿಯೂ ಅಷ್ಟಿಷ್ಟು ಸರಿಯುತ್ತಿದ್ದರು, ಆಮೇಲೆ ನಗುತ್ತಿದ್ದರು. ಬರುವವರು ಆ ಹೊತ್ತಿಗೆ ಸಾಮಾನ್ಯವಾಗಿ ಯಾವುದೋ ಸಂತೆಯಲ್ಲಿರುತ್ತಿದ್ದರು.

ಹೂವಲಿ ಎಂಬ ಶಬ್ದ ಅವಳಿಗೆ ಎಲ್ಲಿಂದ ಬಂತು? ದುಂಡಸಿಯ ಗುಡಿಯಲ್ಲಿ ಶ್ರಾವಣದ ತಿಂಗಳು ಪುರಾಣ ಹೇಳಿಸುತ್ತಿದ್ದರು. ಶಾಸ್ತ್ರಿಗಳು ಹಳೆಯ ಪದ್ಯ ಓದಿ ಅರ್ಥ ಹೇಳುವಾಗ ಹೆಂಗಸರು ಕಂಬದ ಹಿಂದೆ ಕೂತು ಬತ್ತಿ ಹೊಸೆಯುತ್ತಿದ್ದರು. ಅಲ್ಲಿಂದ ಬಂದಿರಬೇಕು ಎಂಬುದು ನನ್ನ ಊಹೆ. ಒಮ್ಮೆ ನಾನು ಕೇಳಿದ್ದೆ: “ಅತ್ತಿ, ಹೂವಲಿ ಅಂದ್ರ ಯಾವ ಗಿಡದ ಹೂವು?” ಅವಳು ಹೇಳಿದ್ದು: “ಅದು ಗಿಡದಾಗ ಬಿಡೂದಲ್ಲೊ, ಕೈಯಾಗಿಂದ ಬೀಳೂದು.” ಈ ಉತ್ತರ ಎಷ್ಟು ಚೆನ್ನಾಗಿದೆಯೆಂದರೆ ಅವಳು ಹೇಳಿರಲಿಕ್ಕಿಲ್ಲ, ನಾನೇ ಮುಂದೆ ಯಾವಾಗಲೋ ಹೊಂದಿಸಿ ಅವಳ ಬಾಯಿಗೆ ಇಟ್ಟಿರಬೇಕು ಎಂದು ಅನುಮಾನವಾಗುತ್ತದೆ. “ಹೋಗ, ಅಭ್ಯಾಸ ಮಾಡ ಹೋಗ” ಎಂದಿದ್ದರೂ ಎಂದಿರಬಹುದು. ಅದು ನೆನಪಿನಲ್ಲಿ ಉಳಿಯುವ ಮಾತಲ್ಲ.

ಮುಂದೆ ಹಿರೇಕೆರೂರಿನಲ್ಲಿ ಮಾಮನಿಗೆ ಇನ್ನೊಂದು ಮನೆ ಆಯಿತು. ನಮ್ಮ ಮನೆಯಲ್ಲಿ ಈ ಸುದ್ದಿ ಹೇಳುತ್ತಿದ್ದುದು ಇದೇ ರೀತಿ, ‘ಆಯಿತು’ ಎಂದು. ಮಳೆ ಆಯಿತು, ಬೆಳೆ ಆಯಿತು ಎಂದ ಹಾಗೆ. ಮೊದಲು ಸಂತೆಯ ದಿನ ಉಳಿಯುತ್ತಿದ್ದರು, ಆಮೇಲೆ ಸಂತೆ ಇಲ್ಲದ ದಿನವೂ ಉಳಿದರು, ಆಮೇಲೆ ಸವಣೂರಿಗೆ ಬರುವುದೇ ನಿಂತಿತು. ಅತ್ತೆಗೆ ಮಕ್ಕಳಿರಲಿಲ್ಲ. ಅಪ್ಪ ದುಂಡಸಿಗೆ ಬಾ ಎಂದು ಕರೆದ. ಅವಳು ಬರಲಿಲ್ಲ, ಗಂಡ ಬಿಟ್ಟುಹೋದ ಎಲೆಯಂಗಡಿಯಲ್ಲಿ ತಾನೇ ಕೂತಳು. ಕೆಟ್ಟ ಎಲೆ ಆರಿಸಿ ತೆಗೆಯುವುದು, ತಾಟಿಗೆ ನೀರು ಹೊಡೆಯುವುದು, ಗಿರಾಕಿಗಳ ಜೊತೆ ಜಗಳವಾಡುವುದು ಎಲ್ಲ ಅವಳಿಗೆ ಬಂತು. ಅಂಗಡಿಯ ಬೋರ್ಡಿನ ಮೇಲೆ ಗಂಡನ ಹೆಸರೇ ಇತ್ತು, ಹಾಗಾಗಿ ಅವಳಿಗೆ ಅಂಗಡಿಯ ಹೆಸರನ್ನೂ ಹೇಳಲು ಬರುತ್ತಿರಲಿಲ್ಲ. ಹೊಸಬರು “ಯಾರ ಅಂಗಡಿರಿ ಇದು?” ಎಂದರೆ “ಎಲಿ ಅಂಗಡಿ” ಎನ್ನುತ್ತಿದ್ದಳು.

ಇಷ್ಟು ಖಚಿತ. ಮುಂದಿನದು ಹಾಗಲ್ಲ.

ಮಾಮ ಬರುವುದು ನಿಂತ ಮೇಲೆ ಅಕ್ಕನ ಮದುವೆ ಶಿಗ್ಗಾವಿಯಲ್ಲಿ ಆಯಿತು. ಹೆಂಗಸರ ನಡುವೆ ಒಡಪಿನ ಸರದಿ ನಡೆದಾಗ ಯಾರೋ ಮರೆತೋ ಬೇಕಂತಲೋ “ನೀಲವ್ವಾ, ನಿಂದೇನ ಹೂವಲಿ?” ಎಂದರು. ನನ್ನ ನೆನಪಿನಲ್ಲಿ ಅತ್ತೆ ಎದ್ದು ನಿಲ್ಲುತ್ತಾಳೆ, “ಅಂಗಳದಾಗ ಹೂವಲಿ ಹೊಸ್ತಿಲ ಮಟ್ಟ” ಎನ್ನುತ್ತಾಳೆ, ಅಲ್ಲಿಗೆ ನಿಲ್ಲಿಸುತ್ತಾಳೆ. ಹೆಸರು ಬರಬೇಕಾದಲ್ಲಿ ಏನೂ ಬರುವುದಿಲ್ಲ. ಮಡಚಿದ ಎಲೆಯೊಂದನ್ನು ಬಾಯಿಗೆ ಹಾಕಿಕೊಂಡು ಕೂತುಬಿಡುತ್ತಾಳೆ. ಎಲೆ ಮುರಿದ ಸಪ್ಪಳ ಕೂಡ ನನಗೆ ಕೇಳಿಸುತ್ತದೆ. ಅಷ್ಟು ಗದ್ದಲದಲ್ಲಿ ಎಲೆ ಮುರಿದ ಸಪ್ಪಳ ಕೇಳಿಸಿತೆಂದರೆ ಆ ನೆನಪನ್ನು ಎಷ್ಟು ನಂಬಬೇಕು, ನೀವೇ ಹೇಳಿ.

ಅಕ್ಕನನ್ನು ಕೇಳಿದರೆ, “ನನಗ ಅವತ್ತ ಹೊಟ್ಟಿ ಹಸಿದಿದ್ದು ಬಿಟ್ರ ಏನೂ ನೆನಪಿಲ್ಲ. ಆದ್ರ ಅತ್ತಿ ಹೊರಗ ಬರಲೇ ಇಲ್ಲ, ಅಡಗಿ ಮನ್ಯಾಗ ಹೋಳಿಗಿ ಬೇಯಿಸಾಕತ್ತಿದ್ಲು” ಎನ್ನುತ್ತಾಳೆ. ಅವ್ವ ಬದುಕಿದ್ದಾಗ ಹೇಳುತ್ತಿದ್ದುದು ಮೂರನೆಯದು. “ಅಕಿ ಹೇಳಿದ್ಲು. ಪೂರಾ ಹೇಳಿದ್ಲು. ಓಣಿ ಮಂದಿಗೆ ಕೇಳೂ ಹಂಗ ಹೇಳಿದ್ಲು. ಕೇಳಿ ನನಗ ಅಳು ಬಂತು.” ಮೂವರೂ ಒಂದೇ ಚಪ್ಪರದ ಕೆಳಗೆ ಇದ್ದವರು. ನನ್ನ ಆವೃತ್ತಿ ಮೂರರಲ್ಲೂ ಹೆಚ್ಚು ಸಾಹಿತ್ಯಿಕವಾಗಿದೆ, ಆದ್ದರಿಂದ ಅದೇ ಸುಳ್ಳಿರಬೇಕು ಎಂದು ಬಹಳ ಹಿಂದೆಯೇ ತೀರ್ಮಾನಿಸಿದ್ದೇನೆ. ಆದರೂ ನನಗೆ ಅದೇ ಕಾಣುವುದು.

ಆ ಶಬ್ದವನ್ನು ನಾನು ಬಹಳ ಬಳಸಿದೆ. ಬರೆಯಲು ಹತ್ತಿದ ಹೊಸದರಲ್ಲಿ ಕಥೆಯನ್ನು ಹಿಂದಿನಿಂದ ಮುಂದಕ್ಕೆ ಬರೆದೆ, ಪೂರ್ಣವಿರಾಮ ಇಲ್ಲದೆ ಬರೆದೆ, ಪಾತ್ರಗಳಿಗೆ ಹೆಸರಿಡದೆ ಬರೆದೆ; ಎಲ್ಲದರಲ್ಲೂ ಎಲ್ಲಾದರೊಂದು ಕಡೆ ಹೂವಲಿ ಇರುತ್ತಿತ್ತು. ನಮ್ಮ ವಾರಗೆಯ ಬರೆಯುವವರಿಗೆ ಹೂವು ಕಂಡರೆ ಅದರ ಮೇಲೊಂದು ಹೆಣ ಮಲಗಿಸದೆ ಸಮಾಧಾನವಿರಲಿಲ್ಲ. ನಾನೂ ಮಲಗಿಸಿದೆ. ರಕ್ತದ ಹನಿಗಳನ್ನು ಹೂವಲಿ ಎಂದೆ, ಒಡೆದ ಗಾಜನ್ನು ಹೂವಲಿ ಎಂದೆ, ಒಮ್ಮೆ ಮಾತ್ರೆಗಳನ್ನೂ ಎಂದೆ. ಓದಿದ ಗೆಳೆಯನೊಬ್ಬ, “ಏನೇನೋ ಬೀಳಾಕತ್ತೇತಲ್ಲೊ ನೆಲಕ್ಕ, ಒಂದರ ಹೂವು ಬೀಳಲಿ” ಎಂದಿದ್ದ. ಬರುವವರು ಯಾರೂ ಇಲ್ಲದಿದ್ದರೂ ಹೂವಲಿ ಹಾಕಬಹುದು ಎಂದು ನಾನು ವಾದಿಸಿದ್ದೆ. ವಾದ ಚೆನ್ನಾಗಿಯೇ ಇತ್ತು.

ಈಗ ಹಿಂದಿನ ದಿನಕ್ಕೆ ಬರುತ್ತೇನೆ. ಅದಕ್ಕೂ ವಾರದ ಮೊದಲು ಅಕ್ಕ ಫೋನು ಮಾಡಿದ್ದಳು.

“ತೊಟ್ಟಲಕ್ಕ ನೀಲತ್ತಿ ಬರ್ತಾಳ. ಚನ್ನಬಸಪ್ಪ ಮಾಮಾನೂ ಬರ್ತಾನ.”

“ಇಬ್ಬರೂನಾ?”

“ಬ್ಯಾರೆ ಬ್ಯಾರೆ ಬಸ್ಸಿನ್ಯಾಗ ಬರ್ತಾರ. ಬಾಗಲಾ ಮಾತ್ರ ಒಂದ.”

ವಿಷಯ ಇದು. ಹಿರೇಕೆರೂರಿನ ಮನೆಯಾಕೆ ತೀರಿಹೋಗಿದ್ದರು. ಮಾಮನಿಗೆ ಎಪ್ಪತ್ತು ದಾಟಿದೆ. ಸವಣೂರಿಗೆ ತಿರುಗಿ ಬರುತ್ತೇನೆ ಎಂದು ಹಿರಿಯರ ಕೈಲಿ ಹೇಳಿಸಿದ್ದರು. ಅತ್ತೆ ಹೂಂ ಅನ್ನಲಿಲ್ಲ, ಊಹೂಂ ಕೂಡ ಅನ್ನಲಿಲ್ಲ. ಹೇಳಲು ಬಂದವರಿಗೆ ಎಲೆ-ಅಡಿಕೆ ಕೊಟ್ಟು ಕಳಿಸಿದ್ದಳು. ಅದಕ್ಕೆ ಅಕ್ಕ, ನಮ್ಮ ಕಡೆಯ ಒಂದಿಬ್ಬರು ಹಿರಿಯರು ಕೂಡಿ ಉಪಾಯ ಮಾಡಿದ್ದರು. ತೊಟ್ಟಿಲಿನ ಕೋಣೆಯ ಬಾಗಿಲಿಗೆ ಹುಡುಗಿಯರು ಸೀರೆಯ ಸೆರಗು ಅಡ್ಡ ಹಿಡಿದು, ಕೂಸನ್ನು ನೋಡಲು ಬಂದವರಿಂದೆಲ್ಲ ಒಡಪು ಹೇಳಿಸುವುದು. ಅತ್ತೆ ಬಂದಾಗ ಮಾಮನನ್ನು ಪಕ್ಕಕ್ಕೆ ನಿಲ್ಲಿಸಿಬಿಡುವುದು.

“ನಾಕ ಮಂದಿ ಮುಂದ ಒಡಪಿನ್ಯಾಗ ಹೆಸರು ಬಂತಂದ್ರ ಮುಗೀತು” ಎಂದಳು ಅಕ್ಕ. “ಆಮ್ಯಾಲ ಅಕಿ ಮಾಮಾನ್ನ ಕರಕೊಂಡು ಹೋಗಲಾರದ ಇರಾಕ ಬರೂದಿಲ್ಲ.”

“ಹೇಳಲಿಲ್ಲಂದ್ರ?”

“ಆ ಒಡಪು ಅಕಿ ನಾಲಿಗಿ ತುದೀಗೆ ಐತಿ. ಶುರು ಮಾಡಿದ್ರ ಸಾಕು, ಹೆಸರು ತಾನ ಬರ್ತೇತಿ.”

ರೂಢಿಯ ಮೇಲೆ ಇಷ್ಟು ನಂಬಿಕೆಯಿಟ್ಟ ಉಪಾಯವನ್ನು ನಾನು ಬೇರೆಲ್ಲೂ ಕಂಡಿಲ್ಲ. ಬೇಡ ಎನ್ನಲಿಲ್ಲ, ಬೇಕು ಎನ್ನಲಿಲ್ಲ. ಏನಾಗುತ್ತದೆ ನೋಡೋಣ ಎಂಬುದು ನನ್ನ ಖಾಯಂ ನಿಲುವು; ಬರೆಯುವವರಿಗೆ ಅದು ವೃತ್ತಿಧರ್ಮ ಎಂದು ನಾನೇ ಹೇಳಿಕೊಂಡು ಬಂದಿದ್ದೇನೆ.

ಅತ್ತೆ ಬೆಳಗಿನ ಬಸ್ಸಿಗೆ ಬಂದಳು. ಒಂದು ಕೈಯಲ್ಲಿ ಬಾಯಾಡಿಸುವ ಸವಣೂರ ಖಾರದ ಪೊಟ್ಟಣ, ಇನ್ನೊಂದರಲ್ಲಿ ಎಲೆಯ ಪೆಂಡಿ. ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, “ಸೊರಗಿಯಲ್ಲೊ. ಬರದು ಬರದು ರಕ್ತ ಎಲ್ಲಾ ಹಾಳಿಗೆ ಹೋತೇನ?” ಎಂದಳು. ಎಲೆಗಳನ್ನು ಒರೆಸಿ ತಬಕಿನಲ್ಲಿ ಜೋಡಿಸುತ್ತ ತಲೆ ಎತ್ತದೆ ಕೇಳಿದಳು:

“ಬಾಗಲಕ್ಕ ಸೀರಿ ಹಿಡಿಯವ್ರು ಯಾರ್ಯಾರು?”

ನಾನು ಖಾರದ ಪೊಟ್ಟಣ ಎತ್ತಿ ಪಕ್ಕಕ್ಕಿಟ್ಟೆ.

“ಹೇಳಬ್ಯಾಡ ಬಿಡ. ನಿಮ್ಮ ಅಕ್ಕನ ಮಾರಿ ನೋಡಿದ್ರ ತಿಳೀತೇತಿ. ಸಣ್ಣಾಕಿದ್ದಾಗ ಬೆಲ್ಲ ಕದ್ರೂ ಹಿಂಗ ಮಾಡತಿದ್ಲು.”

ಮಾಮ ಹಿರೇಕೆರೂರಿನ ಬಸ್ಸಿನಿಂದ ಇಳಿದು ಬಂದಾಗ ಕಾರ್ಯ ಶುರುವಾಗಿತ್ತು. ಬಿಳಿ ಟೊಪ್ಪಿಗೆ, ನೀಲಿ ಹಾಕಿದ ಧೋತರ. ಪಡಸಾಲೆಯಲ್ಲಿ ನನ್ನ ಪಕ್ಕ ಕೂತರು. ತಬಕಿನಿಂದ ಒಂದು ಎಲೆ ತೆಗೆದು ಬೆಳಕಿಗೆ ಹಿಡಿದು, ತೊಟ್ಟು ಮುರಿದು ಮೂಸಿ, ತಿನ್ನದೆ ಹಾಗೇ ಕೈಯಲ್ಲಿ ಇಟ್ಟುಕೊಂಡರು. ಅದು ಯಾರು ತಂದ ಎಲೆ ಎಂದು ಅವರಿಗೆ ಗೊತ್ತಾಗಿತ್ತು. “ಹಿರೇಕೆರೂರ ಮನ್ಯಾಗ ಮಾತಾಡಾಕ ಯಾರಿಲ್ಲೊ ತಮ್ಮಾ” ಎಂದರು. “ಟೀವಿ ಹಚ್ಚಿ ಕುಂದರ್ತೇನಿ. ಅದು ನನ್ನ ಮಾತು ಕೇಳಂಗಿಲ್ಲ.” ಕೆಟ್ಟ ಮನುಷ್ಯ ಎಂದು ಹೇಳಲು ಅನುಕೂಲವಾಗುವ ಏನೂ ಅವರ ಮುಖದಲ್ಲಿರಲಿಲ್ಲ. ಇದು ನನಗೆ ತೊಡಕೇ.

ಕೂಸಿನ ಕಿವಿಯಲ್ಲಿ ಹೆಸರು ಹೇಳಿ, ಗುಗ್ಗರಿ ಹಂಚಿ ಆದ ಮೇಲೆ ಅಕ್ಕನ ಕಿರಿಯ ಮಗಳು ಸುಮಾ ಮತ್ತು ಅವಳ ಗೆಳತಿ ಕೋಣೆಯ ಬಾಗಿಲಿಗೆ ಹಸಿರು ಸೆರಗು ಅಡ್ಡ ಹಿಡಿದರು. ಕೆಲವರು ಮೊಬೈಲು ತೆಗೆದು ಒಡಪು ಹುಡುಕಿದರು. ಹೊಸದಾಗಿ ಮದುವೆಯಾದ ಒಬ್ಬಳು ಓದದೆ ತಾನೇ ಕಟ್ಟಿ ಹೇಳಿದಳು:

“ಫ್ರಿಜ್ಜಿನ್ಯಾಗ ಹಾಲು, ಹಾಲಿನ ಮ್ಯಾಲ ಕೆನಿ,
ಪ್ರವೀಣ ಲಗೂ ಬರಲಿಲ್ಲಂದ್ರ ಬಾಗಲಾ ಹಾಕ್ತೇನಿ.”

ಪ್ರವೀಣ ಎಂಬುವನು ನನ್ನ ಹಿಂದೆಯೇ ಇದ್ದ. “ಕಿಟಕಿಯಾಗ ಬರ್ತೇನಿ ಬಿಡ” ಎಂದ. ನಗೆ ಇನ್ನೂ ನಿಂತಿರಲಿಲ್ಲ, ಅತ್ತೆ ಒಳಗಿನಿಂದ ಬಂದು ಬಾಗಿಲ ಮುಂದೆ ನಿಂತಳು. ಹಿರಿಯರಲ್ಲೊಬ್ಬರು ಮಾಮನ ಭುಜಕ್ಕೆ ಕೈ ಹಾಕಿ ಎಬ್ಬಿಸಿದರು. ಇಬ್ಬರೂ ಅಕ್ಕಪಕ್ಕ ನಿಂತರು. ನಡುವೆ ಒಬ್ಬರು ಹಾಯುವಷ್ಟು ಜಾಗವಿತ್ತು. ಗಲಾಟೆ ಒಮ್ಮೆಲೇ ಕಡಿಮೆಯಾಯಿತು. ತಿಳಿದವರು ಸುಮ್ಮನಾದರು, ಅವರನ್ನು ನೋಡಿ ತಿಳಿಯದವರೂ.

“ಮೊದಲ ಗಂಡಸ್ರು” ಎಂದಳು ಸುಮಾ.

ಮಾಮ ತಯಾರಾಗಿಯೇ ಬಂದಿದ್ದರು. ಟೊಪ್ಪಿಗೆ ಸರಿಮಾಡಿಕೊಂಡು, ಶಾಲೆಯ ಹುಡುಗನಂತೆ ಗೋಡೆ ನೋಡುತ್ತ ಹೇಳಿದರು:

“ಸವಣೂರ ಎಲಿಗೆ ಶಿರಸಿ ಅಡಿಕಿ,
ನೀಲವ್ವನ ಕೂಡ ಮಾತಾಡಾಕ ಯಾಕಿಷ್ಟ ಹೆದರಿಕಿ?”

ಎಲ್ಲರೂ ನಕ್ಕರು. ಅತ್ತೆಯೂ ನಕ್ಕಳು, ಅದನ್ನು ನಾನು ನೋಡಿದೆ. ಒಡಪು ಒಳ್ಳೆಯದಿತ್ತು, ಒಳ್ಳೆಯ ಒಡಪಿಗೆ ನಗದಿರುವುದು ಅವಳಿಂದ ಆಗುವುದಿಲ್ಲ. ಅಕ್ಕ ನನ್ನ ಕಡೆ ನೋಡಿ ಹುಬ್ಬು ಹಾರಿಸಿದಳು, ಆಯಿತಲ್ಲ ಎನ್ನುವಂತೆ.

“ಅಜ್ಜಿ, ಈಗ ನಿಮ್ದು. ಹೂವಲಿದು ಹೇಳ್ರಿ” ಎಂದಳು ಸುಮಾ. ಅವಳಿಗೆ ಉಪಾಯದ ಸುದ್ದಿ ಗೊತ್ತಿತ್ತೋ ಇಲ್ಲವೋ.

ಅತ್ತೆ ಸೆರಗು ಹೊದ್ದುಕೊಂಡಳು. “ಅಂಗಳದಾಗ ಹೂವಲಿ” ಎಂದಳು. ಮದುವೆ ಮನೆಗಳಲ್ಲಿ ಎಷ್ಟೋ ವರ್ಷ ಕೇಳಿದ ಅದೇ ಧಾಟಿ. “ಹೊಸ್ತಿಲ ಮಟ್ಟ.” ಇಲ್ಲಿ ನಿಲ್ಲುತ್ತಾಳೆ ಎಂದುಕೊಂಡೆ. ಶಿಗ್ಗಾವಿಯ ಚಪ್ಪರದಲ್ಲಿ ನಿಂತಂತೆ, ಅಥವಾ ನಿಂತಳೆಂದು ನಾನು ಕಟ್ಟಿಕೊಂಡಂತೆ. ಅವಳು ನಿಲ್ಲಲಿಲ್ಲ.

“ನೀಲವ್ವ ಬರ್ತಾಳ, ಸರೀರಿ ದಾರಿ ಬಿಟ್ಟ.”

ಹೇಳಿ ಕೈಯಿಂದ ಸರಿಸುವಂತೆ ಮಾಡಿದಳು. ಹುಡುಗಿಯರ ಕೈ ಸಡಿಲಾಗಿ ಸೆರಗು ತಾನೇ ಕೆಳಗೆ ಬಿತ್ತು. ಅವಳು ಹೊಸ್ತಿಲು ದಾಟಿ ಒಳಗೆ ಹೋಗಿ ತೊಟ್ಟಿಲ ಹಗ್ಗ ಹಿಡಿದಳು. ಒಡಪಿನಲ್ಲಿ ಹೆಂಗಸು ತನ್ನ ಹೆಸರು ತಾನು ಹೇಳಿಕೊಳ್ಳುವುದನ್ನು ನಾನು ಕೇಳಿರಲಿಲ್ಲ, ಅಲ್ಲಿದ್ದವರು ಯಾರೂ ಕೇಳಿರಲಿಲ್ಲ. ತಪ್ಪು ಎನ್ನೋಣವೆಂದರೆ ಪ್ರಾಸ ಕೆಟ್ಟಿರಲಿಲ್ಲ. ಒಬ್ಬ ಮುದುಕಿ “ಅದು ಹೆಂಗಾತು? ಅವರ ಹೆಸರೇ ಬರಲಿಲ್ಲಲ್ಲ” ಎಂದಳು. ಸುಮಾ ಬಿದ್ದ ಸೆರಗನ್ನು ಮೇಲೆತ್ತಿದಳು. ಮಾಮ ತಮ್ಮ ಒಡಪು ಹೇಳಿ ಮುಗಿಸಿದ್ದರು, ಒಳಗೆ ಹೋಗುವ ಹಕ್ಕು ಅವರಿಗಿತ್ತು. ಆದರೂ ಹಸಿರು ಸೆರಗಿನ ಈಚೆಗೆ ಸ್ವಲ್ಪ ಹೊತ್ತು ನಿಂತು, ತಿರುಗಿ ಬಂದು ನನ್ನ ಪಕ್ಕ ಕೂತರು.

ಯಾರೋ ಊಟಕ್ಕೆ ಎಲೆ ಹಾಕಿದೆ ಎಂದು ಕೂಗಿದರು. ಗದ್ದಲ ಮತ್ತೆ ಮೊದಲಿನಂತಾಯಿತು. ಮಾಮ ಕೈಯಲ್ಲಿನ ವೀಳ್ಯದೆಲೆಯನ್ನು ನೋಡುತ್ತ ಕೇಳಿದರು:

“ತಮ್ಮಾ, ಹೂವಲಿ ಅಂದ್ರ ಏನು?”

ಅಷ್ಟು ವರ್ಷ ಅವರ ಹೆಸರಿನ ಮುಂದೆ ನಿಂತಿದ್ದ ಶಬ್ದ. ಅವರು ಸಂತೆಯಲ್ಲಿರುವಾಗ ಊರೂರ ಮದುವೆಗಳಲ್ಲಿ ಅವರಿಗಾಗಿ ದಾರಿ ಬಿಡಿಸಿದ ಶಬ್ದ. ನಿಘಂಟಿನ ಅರ್ಥಗಳು ನನ್ನ ನಾಲಿಗೆಯ ಮೇಲೆ ಸಾಲಾಗಿ ನಿಂತಿದ್ದವು.

“ಬರೋರಿಗಂತ ನೆಲಕ್ಕ ಹಾಸೂ ಹೂವು, ಮಾಮಾ.”

“ಹೌದಾ?” ಎಂದರು. ಎಲೆಯನ್ನು ಮಗುಚಿ, “ನಾ ಯಾವುದೋ ಹೂವಿನ ಜಾತಿ ಅಂತ ತಿಳಕೊಂಡಿದ್ದೆ. ಕೇಳಲೇ ಇಲ್ಲ ನೋಡ ಅಕಿನ್ನ” ಎಂದರು. ಊಟ ಮಾಡಿದರು. ಹೋಳಿಗೆ ಎರಡನೆಯ ಸಲ ಹಾಕಿಸಿಕೊಂಡರು. ಸಂಜೆಯ ಬಸ್ಸಿಗೆ ಹಿರೇಕೆರೂರಿಗೆ ಹೋದರು. ಆ ಎಲೆಯನ್ನು ತಿಂದರೋ ಕಿಸೆಯಲ್ಲಿ ಇಟ್ಟುಕೊಂಡರೋ ನಾನು ನೋಡಲಿಲ್ಲ. ನೋಡಿದ್ದರೆ ಇಲ್ಲಿ ಬರೆಯುತ್ತಿದ್ದೆ. ಕಿಸೆಯಲ್ಲಿ ಇಟ್ಟುಕೊಂಡರು ಎಂದೇ ಬರೆಯುತ್ತಿದ್ದೆ, ತಿಂದಿದ್ದರೂ.

ಇಷ್ಟೂ ನಡೆದು ಇನ್ನೂ ಒಂದು ದಿನ ತುಂಬಿರಲಿಲ್ಲ. ಆಗಲೇ ಅಕ್ಕನ ಮನೆಯಲ್ಲಿ ಎರಡು ಆವೃತ್ತಿಗಳು ಹುಟ್ಟಿದ್ದವು. ಅತ್ತೆ ನಾಚಿಕೆಗೆ ಬಾಯಿ ತಪ್ಪಿ ತನ್ನ ಹೆಸರು ಹೇಳಿದಳು, ವಯಸ್ಸಾಯಿತು ಪಾಪ, ಎಂಬುದು ಅಕ್ಕನದು. ಹಾಗಾಗಿ ಉಪಾಯ ಪೂರ್ತಿ ಕೆಟ್ಟಿಲ್ಲ, ಸೀಗಿ ಹುಣ್ಣಿಮೆಗೆ ಇನ್ನೊಮ್ಮೆ ನೋಡಬಹುದು. ಅಜ್ಜಿ ಬೇಕಂತಲೇ ಹೇಳಿದಳು ಎಂಬುದು ಸುಮಾಳದು. ಅವಳು ರಾತ್ರಿಯೇ ಅದನ್ನು ಮೊಬೈಲಿನ ಸ್ಟೇಟಸ್ಸಿಗೆ ಹಾಕಿದ್ದಳು, ಹೂವಿನ ಚಿತ್ರದ ಜೊತೆ. ನನ್ನ ಆವೃತ್ತಿಯನ್ನು ನೀವು ಈಗ ಓದಿದಿರಿ. ಇದೂ ಸ್ವಲ್ಪ ಅಂದವಾಗಿಯೇ ಇದೆ. ಎಚ್ಚರದಿಂದ ಓದಿ.

ಬುಟ್ಟಿ ಹಿಡಿದು ಮುಂಬಾಗಿಲ ಮೆಟ್ಟಿಲಿಗೆ ಬಂದೆ. ಹಿತ್ತಲ ಬಾಗಿಲ ಚಿಲಕ ಬಿಗಿಯಾಗಿತ್ತು, ಮುಂದಿನಿಂದ ಸುತ್ತು ಹಾಕಿ ಹೋಗಬೇಕಿತ್ತು. ಅಷ್ಟರಲ್ಲಿ ಅತ್ತೆ ಕೈಚೀಲ ಹಿಡಿದು ಹೊಸ್ತಿಲ ಒಳಗೆ ಬಂದು ನಿಂತಳು. ಸವಣೂರಿನ ಬಸ್ಸಿಗೆ ಹೊತ್ತಾಗಿತ್ತು. ಅಂಗಡಿ ಒಂದು ದಿನ ಮುಚ್ಚಿತ್ತು, ಗೋಣಿತಾಟು ಒಣಗಿದರೆ ಎಲೆ ಹಾಳು.

ಒಂದು ಮಾತು ಕೇಳದೆ ಇರಲಾಗಲಿಲ್ಲ. “ಅತ್ತಿ, ಅಕ್ಕನ ಮದವ್ಯಾಗ ಶಿಗ್ಗಾವ್ಯಾಗ ನೀನು ಒಡಪು ಹೇಳಿದ್ದ್ಯೋ ಇಲ್ಲೋ?”

“ಯಾಕ, ಅದನ್ನೂ ಬರೀತಿಯೇನ?”

“ಒಬ್ಬೊಬ್ರು ಒಂದೊಂದು ಹೇಳ್ತಾರ, ಅದಕ್ಕ ಕೇಳಿದೆ.”

“ಹೇಳಲಿ ಬಿಡ. ನಿನ್ನೀದು ಒಂದು ಸರಿ ಕೇಳಿಸಿಕೊಂಡ್ಯಲ್ಲ, ಸಾಕು.” ಚೀಲವನ್ನು ಇನ್ನೊಂದು ಕೈಗೆ ಬದಲಿಸಿದಳು. “ಬಸ್ಸು ತಪ್ಪತೇತಿ. ಸರಿ, ದಾರಿ ಬಿಡ.”

ನಾನು ಬಾಗಿಲಿಗೆ ಅಡ್ಡ ನಿಂತಿದ್ದೇನೆಂದು ನನಗೆ ಆಗ ತಿಳಿಯಿತು. ಗಡಬಡಿಸಿ ಪಕ್ಕಕ್ಕೆ ಸರಿದೆ. ಸರಿಯುವಾಗ ಬುಟ್ಟಿಯಿಂದ ಒಂದಿಷ್ಟು ಹೂವು ನೆಲಕ್ಕೆ ಬಿತ್ತು. ಹೊಸ್ತಿಲ ಹತ್ತಿರ ಸೇವಂತಿಗೆ, ಮೆಟ್ಟಿಲಿನ ಮೇಲೆ ಅಬ್ಬಲಿಗೆಯ ತುಂಡು. ಒಳಗಿನಿಂದ ಅಕ್ಕ “ಹೇಳಿದ್ದೆನಿಲ್ಲೊ ನಿನಗ” ಎಂದು ಕೂಗಿದಳು. ಅತ್ತೆ ಕೆಳಗೆ ನೋಡಲಿಲ್ಲ. ಹೂವಿನ ಮೇಲೆಯೇ ಕಾಲಿಟ್ಟು ಅಂಗಳ ದಾಟಿ ರಸ್ತೆಗೆ ಇಳಿದಳು.

ನಾನೇ ಹೂವು ಕೆದರಿದೆ ಎಂದು ಬರೆದರೆ ಪ್ರಬಂಧ ಚೆನ್ನಾಗಿ ಮುಗಿಯುತ್ತದೆ. ಹಾಗೆ ಬರೆಯಲಾರೆ. ಬುಟ್ಟಿ ಓರೆಯಾಗಿತ್ತು, ನೆಟ್ಟಗೆ ಹಿಡಿಯಲು ಹೋಗಲಿಲ್ಲ, ಅಷ್ಟೇ.